ಕಾರಿನ ಕಣ್ಣಿಗೆ ಹಚ್ಚಿದ ವಿಭೂತಿ

ಗದಗ,
ಅಕ್ಟೋಬರ್ 32, 2168

ನನ್ನ ಮುತ್ತಜ್ಜನ ಅಜ್ಜಿಯವರಾದ ಕಸ್ತೂರಿಯವರಿಗೆ ಮಧುಮತಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದ್ಯಾರೋ ತಲೆಕೆಟ್ಟವರು ಬರೆದದ್ದು ಎಂದು ಕಾಗದವನ್ನು ಮಡಚಿಡಬೇಡಿ. ನಮ್ಮ ಕಾಲದಲ್ಲಿ ಜುಲೈ ತಿಂಗಳಿನಿಂದ ಒಂದು ದಿನ ಕಿತ್ತು ಅಕ್ಟೋಬರಿಗೆ ಸೇರಿಸಿದ್ದಾರೆ. ಆ ದಿನಕ್ಕೆ ಓದುದಿನ ಎಂದು ಹೆಸರು. ವರ್ಷಕ್ಕೊಮ್ಮೆ ತೆರೆಯುವ ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ತೆರೆಯುವುದೂ ಇವತ್ತೇ. ಅದು ನಿಜವಾಗಿ ನಿಮ್ಮನ್ನು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇಲ್ಲಿಯವರೆಗೆ ಯಾವ ಹಿರಿಯರೂ ಉತ್ತರ ಬರೆದಿಲ್ಲ. ಆದರೂ ಅಂಚೆ ಕಚೇರಿಯ ಮುಂದೆ ಸಾಲು ಮಾತ್ರ ಜಾತ್ರೆಯಷ್ಟು ಉದ್ದ ಇರುತ್ತದೆ.

ನನ್ನ ಮಾತು ನಿಮಗೆ ಅಲ್ಲಲ್ಲಿ ಸೊಟ್ಟಗೆ ಕಂಡರೆ ಕ್ಷಮಿಸಿ. ನಮ್ಮ ಬರೆಯುವ ಕನ್ನಡ ತುಂಬಾ ಬದಲಾಗಿದೆ. ಹಳೆಯ ಕನ್ನಡ ಕಲಿಸುವ ಮೇಷ್ಟ್ರಿಂದ ಒಂದು ಸಲ ತಿದ್ದಿಸಿದ್ದೇನೆ; ಅವರು ತಿದ್ದಿದ್ದರಲ್ಲಿ ಅರ್ಧ ನನಗೆ ಒಪ್ಪಿಗೆಯಾಗದೆ ಮತ್ತೆ ಮೊದಲಿನಂತೆ ಮಾಡಿದ್ದೇನೆ. ಗದಗಿನ ಆಡುಮಾತು ಮಾತ್ರ, ದೇವರ ದಯೆ, ಹೇಗಿತ್ತೋ ಹಾಗೇ ಇದೆ. ಇನ್ನು ನಿಮ್ಮನ್ನು ಅಜ್ಜಿ ಎಂದು ಕರೆದರೆ ಬೇಜಾರು ಮಾಡಿಕೊಳ್ಳಬೇಡಿ. ತವರಿನಿಂದ ನಾನು ತಂದ ನಿಮ್ಮ ಪಟ ನಮ್ಮ ಪಡಸಾಲೆಯಲ್ಲಿದೆ. ಅದರಲ್ಲಿ ನೀವು ನನಗಿಂತ ಬಹಳ ಚಿಕ್ಕವರು. ಹೊಸ ಕೆಂಪು ಕಾರಿನ ಪಕ್ಕ ನಿಂತಿದ್ದೀರಿ. ಕಾರಿಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು, ಗಾಜಿನ ಮೇಲೆ ಕುಂಕುಮದ ಸ್ವಸ್ತಿಕ. ನಿಮ್ಮ ಮುಖದಲ್ಲಿ ಲೋಕ ಗೆದ್ದ ನಗು ಇದೆ. ಕಾರಿನ ಜೊತೆ ಕೊಟ್ಟ ವಿಮೆಯ ಕಾಗದವನ್ನು ನೀವು ಆ ದಿನವೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಅದರ ಮುಖವನ್ನೇ ನೋಡಲಿಲ್ಲ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳಿ ನಗುತ್ತಾರೆ. ನಾನೂ ನಗುತ್ತಿದ್ದೆ. ಈ ವರ್ಷ ನಗು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕಪ್ಪತಗುಡ್ಡದ ಗಾಳಿಗಿರಣಿಗಳು ಇನ್ನೂ ತಿರುಗುತ್ತಿವೆ, ನಿಮ್ಮ ಕಾಲದ್ದಕ್ಕಿಂತ ದೊಡ್ಡವು. ದೊಡ್ಡ ರಸ್ತೆಗಳಿಗೆಲ್ಲ ನೆರಳಿನ ಚಪ್ಪರ ಹಾಕಿದ್ದಾರೆ. ಇಲ್ಲದಿದ್ದರೆ ಬಿಸಿಲಿಗೆ ಟಾರು ಕಾಲಿಗೆ ಅಂಟುತ್ತದೆ. ಜೋಳದ ರೊಟ್ಟಿ ಬಡಿಯಲು ಎಷ್ಟೋ ಯಂತ್ರ ಬಂದವು, ಎಲ್ಲವೂ ಸೋತು ಮೂಲೆ ಸೇರಿದವು. ಕಾರುಗಳು ತಾವೇ ಓಡುತ್ತವೆ. ಅವುಗಳಿಗೆ ಎಂಜಿನ್ನಿನ ಸದ್ದಿಲ್ಲ, ಹೀಗಾಗಿ ಜನರಿಗೆ ಗೊತ್ತಾಗಲೆಂದು ಒಂದೊಂದು ಊರು ಒಂದೊಂದು ಸದ್ದನ್ನು ಆರಿಸಿಕೊಂಡಿದೆ. ನಮ್ಮ ಊರಿನದು ಎತ್ತಿನ ಕೊರಳ ಗೆಜ್ಜೆಯ ಸದ್ದು. ಸಂಜೆ ಮಾರ್ಕೆಟ್ಟಿನಲ್ಲಿ ನಿಂತರೆ ನೂರು ಬಂಡಿ ಒಟ್ಟಿಗೆ ಬಂದ ಹಾಗೆ ಕೇಳುತ್ತದೆ. ಕಾರಿಗೆ ದಾರಿ ನೋಡಲು ಗಾಜಿನ ಕಣ್ಣುಗಳಿರುತ್ತವೆ. ಮುಖ್ಯವಾದ ಕಣ್ಣು ಮುಂದೆ ಎತ್ತರದಲ್ಲಿ, ಹಣೆಯ ನಟ್ಟನಡುವೆ ಇರುತ್ತದೆ. ಈ ಕಣ್ಣಿನ ವಿಷಯ ನೆನಪಿಟ್ಟುಕೊಳ್ಳಿ.

ಓದುದಿನ ಏಕೆ ಬಂತೆಂದರೆ, ವಿಮೆಯ ಕಾಗದವನ್ನು ಯಾರೂ ಓದದೆ, ಅಪಘಾತವಾದ ಮೇಲೆ ಎದೆ ಎದೆ ಬಡಿದುಕೊಳ್ಳುವವರು ಹೆಚ್ಚಾಗಿ, ಸರ್ಕಾರವೇ ಒಂದು ನಿಯಮ ಮಾಡಿತು. ವಾಹನವಿರುವ ಪ್ರತಿ ಮನೆಯವರೂ ಈ ದಿನ ತಮ್ಮ ಪಾಲಿಸಿಯನ್ನು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಬೇಕು. ಕೇಳಲು ನೆರೆಮನೆಯವರೊಬ್ಬರು ಕೂತಿರಬೇಕು. ಹಾಗೆ ಕೂರುವವರಿಗೆ ಸಾಕ್ಷಿಕಿವಿ ಎನ್ನುತ್ತೇವೆ. ಒಳ್ಳೆಯ ನಿಯಮವೇ. ಆದರೆ ನಮ್ಮ ಜನ ಗೊತ್ತಲ್ಲ, ಯಾವುದನ್ನಾದರೂ ವರ್ಷಕ್ಕೊಮ್ಮೆ ಮಾಡು ಎಂದರೆ ಅದನ್ನು ಪೂಜೆ ಮಾಡಿಬಿಡುತ್ತೇವೆ. ನನ್ನ ಗಂಡ ಚನ್ನವೀರ ಪಾಲಿಸಿಯನ್ನು ಮಂತ್ರದ ಹಾಗೆ ಒಂದೇ ಉಸಿರಿಗೆ ಓದುತ್ತಿದ್ದರು. ಸಾಕ್ಷಿಕಿವಿಯಾಗಿ ಬಂದವರು ಕರ್ಚಿಕಾಯಿ ತಿನ್ನುತ್ತ ತಲೆ ಆಡಿಸುತ್ತಿದ್ದರು. ನನ್ನ ಅತ್ತೆ ಈರವ್ವನವರು ಎರಡನೆಯ ಪುಟಕ್ಕೆ ಗೊರಕೆ ಹೊಡೆಯುತ್ತಿದ್ದರು. ಓದಿ ಮುಗಿದ ಮೇಲೆ ಕಾಗದಕ್ಕೆ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡುತ್ತಿದ್ದೆವು. ನೀವು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಮರೆತಿರಿ, ನಾವು ಜಗಲಿಯ ಮೇಲೆ ಇಟ್ಟು ಮರೆತೆವು. ವ್ಯತ್ಯಾಸ ಅಷ್ಟೇ.

ಈ ವರ್ಷದ ಆಯುಧಪೂಜೆಯ ದಿನ ಎಂದಿನಂತೆ ಕಾರು ತೊಳೆದು ಹಾರ ಹಾಕಿದೆವು. ನಾನು ಬೇರೆ ಕೆಲಸದ ಮೇಲೆ ಒಳಗೆ ಹೋದೆ. ಅತ್ತೆ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಲ್ಲಿ ಕಾರಿನ ಹಣೆಗೆ ಈ ಕಡೆಯಿಂದ ಆ ಕಡೆಯವರೆಗೆ ಪಟ್ಟೆ ಎಳೆದು, ನಡುವೆ ಕುಂಕುಮವನ್ನೂ ಇಟ್ಟಿದ್ದರು. ನಡುವೆ ಅಂದರೆ ಸರಿಯಾಗಿ ಕಣ್ಣಿನ ಮೇಲೆ. ಹೊರಗೆ ಬಂದು ನಾನು ನೋಡಿದೆ, ನೋಡಿಯೂ ಚೆಂದ ಕಂಡಿತು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಅತ್ತೆಯವರಂತೂ ಹಿಗ್ಗಿ ಹೀರೇಕಾಯಿಯಾಗಿದ್ದರು. “ಹಬ್ಬದ ದಿನ ಹಣಿ ಬರಿದ ಬಿಡಬಾರದವಾ. ಇಷ್ಟು ದೊಡ್ಡ ಹಣಿ ಐತಿ ಇದಕ್ಕ” ಎಂದರು.

ಮರುದಿನ ದಶಮಿ. ಸಂಜೆ ಬನ್ನಿ ಕೊಡಲು ನಾವು ಮೂವರೂ ಕಾರಿನಲ್ಲಿ ಹೊರಟೆವು. ಬನ್ನಿಯ ಎಲೆ ಕೊಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೋಣ ಎಂದು ಹಳೆಯ ಮುನಿಸು ಮರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ ಎಂದು ತಿಳಿದರೆ ನಿಮಗೆ ಸಂತೋಷವಾಗುತ್ತದೆ. ಹೊರಡುವಾಗಲೇ ಕಾರು ಹೇಳಿತು, ಮುಂದಿನ ಕಣ್ಣಿಗೆ ಮಂಜು ಕವಿದಂತಿದೆ, ಹೋಗಲೇ ಎಂದು. ಚನ್ನವೀರ ಅವರು ನಕ್ಕು, “ಈ ಬಿಸಲಾಗ ಎಲ್ಲೀ ಮಂಜೋ ಮಾರಾಯಾ, ನಡಿ ನಡಿ” ಎಂದು ಹೂಂ ಎಂಬ ಗುಂಡಿ ಒತ್ತಿದರು. ಪಾಪ ಆ ಕಾರು ನಿಜವಾಗಿ ಮಂಜಿದೆಯೆಂದೇ ನಂಬಿ, ಕುರುಡರು ಗೋಡೆ ಹಿಡಿದು ನಡೆಯುವ ಹಾಗೆ ಅಕ್ಕಪಕ್ಕದ ಸಣ್ಣ ಕಣ್ಣುಗಳ ಮೇಲೆ ಭಾರ ಹಾಕಿ ನಿಧಾನ ನಡೆಯಿತು.

ಮೂಲೆಯ ತಿರುವಿನಲ್ಲಿ ಫಕೀರಪ್ಪನವರು ನಿಂತಿದ್ದರು. ಅವರು ನಮ್ಮ ಓಣಿಯವರೇ, ತಬಲಾ ನುಡಿಸುವ ಮಾಸ್ತರು, ನಮ್ಮ ಮನೆಯ ಎಷ್ಟೋ ಕಾರ್ಯಗಳಲ್ಲಿ ನುಡಿಸಿದವರು. ನಮ್ಮ ಕಾರಿನ ಗೆಜ್ಜೆ ಕೇಳಿ, ಬನ್ನಿ ಕೊಡಲೆಂದೇ ಎರಡು ಹೆಜ್ಜೆ ಮುಂದೆ ಬಂದರು. ಕಾರು ಅವರನ್ನು ನೋಡಲಿಲ್ಲ. ತಾಗಿದ್ದು ಜೋರಾಗಿ ಅಲ್ಲ. ಆದರೆ ಅವರು ಬಿದ್ದದ್ದು ಚಪ್ಪರದ ಕಂಬದ ಬುಡಕ್ಕೆ, ಅದೂ ಬಲಗೈಯ ಮೇಲೆ. ಕಾರು ಅದೇ ಕಂಬಕ್ಕೆ ಮುಖ ಗುದ್ದಿ ನಿಂತಿತು. ಬಾನೆಟ್ ಮಡಚಿಕೊಂಡಿತ್ತು. ಫಕೀರಪ್ಪನವರು ಎಡಗೈಯಲ್ಲಿ ಬನ್ನಿಯನ್ನು ಹಾಗೇ ಹಿಡಿದುಕೊಂಡು, ಬಲಗೈ ಬೆರಳುಗಳನ್ನು ಆಡಿಸಲು ನೋಡುತ್ತಿದ್ದರು. ಬೆರಳು ಆಡಲಿಲ್ಲ. ಅವರು ಅಳಲಿಲ್ಲ, ಬೈಯಲಿಲ್ಲ. ಆ ಬೆರಳುಗಳನ್ನೇ ನೋಡುತ್ತ ಕೂತರು.

ನಮ್ಮ ಕಾಲದ ವೈದ್ಯಶಾಸ್ತ್ರ ಚೆನ್ನಾಗಿದೆ. ಹರಿದ ನರವನ್ನು ಮತ್ತೆ ಬೆಳೆಸುತ್ತಾರೆ. ಆದರೆ ಗಾಯ ಹಸಿಯಿರುವಾಗಲೇ ಬೆಳೆಸಬೇಕು. ಗುದ್ದಿದ ಕಾರಿನ ವಿಮೆ ಒಪ್ಪಿಕೊಂಡರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಕೂಡಲೇ ಆಗುತ್ತದೆ. ಒಪ್ಪದಿದ್ದರೆ ಸರದಿ ಚಿಕಿತ್ಸೆ, ಅಂದರೆ ಸಾಲಿನಲ್ಲಿ ತಿಂಗಳುಗಟ್ಟಲೆ ಕಾಯುವುದು. ಅಷ್ಟರಲ್ಲಿ ಕೈ ಊಟ ಮಾಡಲು ಬಂದೀತು, ತಬಲಾ ಮಾತ್ರ ನುಡಿಸಲಾರದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಂದರೆ ಫಕೀರಪ್ಪನವರ ಕೈ ನಮ್ಮ ಜಗಲಿಯ ಮೇಲಿದ್ದ ಕಾಗದವನ್ನು ನಂಬಿಕೊಂಡಿತ್ತು.

ಆ ಕಾಗದದಲ್ಲಿ ಏನಿದೆ ಎಂದು ನಮಗೆ ನೆನಪಿದ್ದದ್ದು ಒಂದೇ ಸಾಲು. ಮಾಲೀಕರು ತಾವಾಗಿ ಕಾರಿನ ಕಣ್ಣು ಮುಚ್ಚಿದ್ದರೆ ರಕ್ಷಣೆ ಇಲ್ಲ. ಚನ್ನವೀರ ಅವರು ಪ್ರತಿ ವರ್ಷ ಆ ಸಾಲಿಗೆ ಬಂದಾಗ ಕಣ್ಣಾಮುಚ್ಚಾಲೆ ಆಟ ಎಂದು ನಗೆಯಾಡುತ್ತಿದ್ದರು, ಅದಕ್ಕೇ ನೆನಪು. ಕಾರಿನ ಕಣ್ಣಿನ ಮೇಲಿದ್ದ ವಿಭೂತಿಯನ್ನು ಈಗ ನೋಡಿದ ಮೇಲೆ ಆ ಸಾಲು ಎದೆಯ ಮೇಲೆ ಕೂತಿತು. ವಿಮೆಯವರ ಪರವಾಗಿ ಬಂದು ಹಾನಿಯನ್ನು ಪರಿಶೀಲಿಸುವವರಿಗೆ ನಾವು ನೋಟಗಾರರು ಎನ್ನುತ್ತೇವೆ. ನೋಟಗಾರರು ಬೆಳಿಗ್ಗೆ ಬರುತ್ತಾರೆಂದು ಸುದ್ದಿ ಬಂತು. ಚನ್ನವೀರ ಅವರು ನನ್ನನ್ನು ಹಿತ್ತಲಿಗೆ ಕರೆದು, “ಅವರು ಬರೂದ್ರೊಳಗ ಒಂದು ಬಕೀಟ ನೀರ ಹಾಕಿದ್ರ ಮುಗೀತು. ಮಂಜಿತ್ತು ಅಂದ್ರಾತು. ಕಾರೂ ಹಂಗ ಹೇಳೈತಲ್ಲ” ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಫಕೀರಪ್ಪನವರ ಕೈ ಉಳಿಯಲಿ, ಅವ್ವನ ಹೆಸರು ಹೊರಗೆ ಬಾರದಿರಲಿ ಎಂದೇ ಅವರ ಆಸೆ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಸರಿಯೆನ್ನಿಸಿತು.

ಆದರೆ ನನಗೆ ಒಂದು ಕೆಟ್ಟ ಗುಣವಿದೆ, ಹೆದರಿಕೆಯಾದರೆ ಜಗಳ ಬೇಕಾಗುತ್ತದೆ. ಜಗಳಕ್ಕೆ ಯಾರೂ ಸಿಗದೆ ಆ ಕಾಗದದ ಜೊತೆಗೇ ಜಗಳ ತೆಗೆಯೋಣವೆಂದು ಜಗಲಿಯಿಂದ ಇಳಿಸಿ, ಅದರ ಮೇಲಿನ ಕುಂಕುಮ ಕೊಡವಿ, ಅಡುಗೆಮನೆಯಲ್ಲಿ ಕೂತು ಓದಿದೆ. ಮಂತ್ರದ ಹಾಗಲ್ಲ, ಎದುರಾಳಿಯ ಪತ್ರವನ್ನು ಓದುವ ಹಾಗೆ, ಪ್ರತಿ ಸಾಲಿಗೂ ಯಾಕೆ, ಯಾರಿಗೆ ಎಂದು ಕೇಳುತ್ತ. ಆಗ ಕಂಡಿತು, ಈ ಪಾಲಿಸಿ ಒಂದಲ್ಲ, ಎರಡು. ಒಂದೇ ಕಾಗದದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂತ ಎರಡು ಮಾತು. ಮೊದಲನೆಯದಕ್ಕೆ ಪರರ ಪಾಲು ಎಂದು ಹೆಸರು. ನಮ್ಮ ಕಾರಿನಿಂದ ಬೇರೆಯವರಿಗೆ ನೋವಾದರೆ ಅವರಿಗೆ ಸಲ್ಲಬೇಕಾದದ್ದು ಅದರಲ್ಲಿದೆ. ಎರಡನೆಯದು ಸ್ವಂತ ಪಾಲು. ನಮ್ಮ ಕಾರಿಗೆ ಪೆಟ್ಟಾದರೆ ನಮಗೆ ಸಿಗುವುದು, ಅದರಲ್ಲೂ ಸವೆದ ಭಾಗಕ್ಕೆ ಎಷ್ಟು ಹಿಡಿಯುತ್ತಾರೆ, ನಮ್ಮ ಕೈಯಿಂದ ಎಷ್ಟು ಹಾಕಬೇಕು, ನೀರು ಹೊಕ್ಕ ಕಾರನ್ನು ಹಟ ಹಿಡಿದು ಚಾಲೂ ಮಾಡಿ ಕೆಡಿಸಿದರೆ ಏನು, ಎಲ್ಲ ಅದರಲ್ಲಿದೆ. ಕಣ್ಣು ಮುಚ್ಚಿದರೆ ರಕ್ಷಣೆ ಇಲ್ಲ ಎಂಬ ಸಾಲು ಇದ್ದದ್ದು ಸ್ವಂತ ಪಾಲಿನ ಕೆಳಗೆ. ಪರರ ಪಾಲಿನ ಕೆಳಗೆ ಆ ಮಾತೇ ಇರಲಿಲ್ಲ. ಅಲ್ಲಿದ್ದದ್ದು ಬೇರೆ ಸಾಲು: ನಮ್ಮ ಅಜಾಗರೂಕತೆಯಿಂದ ಪರರ ಪಾಲು ಕೆಡುವುದಿಲ್ಲ, ನಡೆದದ್ದನ್ನು ಮರೆಮಾಚಿದರೆ ಮಾತ್ರ ಎರಡೂ ಪಾಲು ಕೆಡುತ್ತವೆ.

ಅಂದರೆ ಆ ಒಂದು ಬಕೀಟು ನೀರು ಫಕೀರಪ್ಪನವರ ಕೈಯನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು. ಓದಿದ್ದು ಸರಿಯೋ ಎಂದು ಮತ್ತೆ ಮತ್ತೆ ಓದಿದೆ. ಆಮೇಲೆ ಚನ್ನವೀರ ಅವರಿಗೂ ಅತ್ತೆಗೂ ಓದಿ ಹೇಳಿದೆ. ಅತ್ತೆಗೆ ಅಲ್ಲಿಯವರೆಗೆ ಯಾರೂ ಏನೂ ಹೇಳಿರಲಿಲ್ಲ. ಕಾರಿಗೆ ಏನೋ ಕೆಟ್ಟ ದೃಷ್ಟಿ ತಾಗಿತು ಎಂದುಕೊಂಡಿದ್ದರು. ತಾವು ಹಚ್ಚಿದ ವಿಭೂತಿಯಿಂದ ಹೀಗಾಯಿತೆಂದು ಕೇಳಿ ಅವರ ಮುಖ ಬಿಳಚಿಕೊಂಡಿತು. ಚನ್ನವೀರ ಅವರು, ನಾನೇ ಹಚ್ಚಿದೆ ಅನ್ನುತ್ತೇನೆ ಎಂದರು. ಅದಕ್ಕೆ ಅತ್ತೆ ತಲೆಯೆತ್ತಿ, “ಸುಳ್ಳು ಹೇಳಿ ನಾಳೆ ಯಾವ ಹಣಿಗೆ ವಿಭೂತಿ ಹಚ್ಚಿಕೊಳ್ಳಲೋ? ಹಚ್ಚಿದಾಕಿ ನಾನು, ಹೇಳಾಕಿನೂ ನಾನ” ಎಂದರು. ಈ ಅತ್ತೆಯ ಜೊತೆ ನಾನು ಉಪ್ಪಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲದಕ್ಕೂ ಜಗಳವಾಡಿದ್ದೇನೆ. ಆ ಹೊತ್ತು ಅವರ ಕಾಲಿಗೆ ಬೀಳಬೇಕೆನ್ನಿಸಿತು. ಬೀಳಲಿಲ್ಲ, ಚಹಾ ಮಾಡಿ ಕೊಟ್ಟೆ.

ಬಂದ ನೋಟಗಾರ್ತಿಯ ಹೆಸರು ರುಬೀನಾ ನದಾಫ. ಗಂಭೀರ ಹೆಣ್ಣುಮಗಳು, ನಗುವುದು ಕಡಿಮೆ. ಕಾರಿನ ಹಣೆಯನ್ನು ನೋಡಿದಳು. ಪಟ್ಟೆ ಅಳಿಸದೆ ಹಾಗೇ ಇತ್ತು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಹೋಗಿ, ತೇಯ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು, ಯಾವ ಗುಡಿಯ ವಿಭೂತಿ ಎನ್ನುವುದನ್ನೂ ಬಿಡಲಿಲ್ಲ. ಚನ್ನವೀರ ಅವರು ಹೂಂ ಒತ್ತಿದ್ದನ್ನು ಹೇಳಿದರು. ರುಬೀನಾ ಎಲ್ಲ ಕೇಳಿಸಿಕೊಂಡು, “ಅಜ್ಜಿ, ಪೂಜಾ ಮಾಡೂದೇನು ತಪ್ಪಲ್ಲರಿ. ಆದ್ರ ನಿಮ್ಮ ಗಾಡಿ ರಿಪೇರಿ ನಿಮ್ಮ ಮ್ಯಾಲ. ಅದರಾಗ ನಾ ಏನೂ ಮಾಡಾಕ ಆಗಂಗಿಲ್ಲ” ಎಂದಳು. ನಮ್ಮನ್ನು ಕಾಡುತ್ತಿದ್ದ ಪ್ರಶ್ನೆ ಅದಲ್ಲ. ಅತ್ತೆಯೇ ಕೇಳಿದರು: “ಗಾಡಿ ಹಾಳಾಗಿ ಹೋಗಲಿ ಯವ್ವಾ. ಮಾಸ್ತರ ಕೈ?” ಅವಳು ಒಂದು ಕ್ಷಣ ಅತ್ತೆಯ ಮುಖ ನೋಡಿ, “ಅವರ ಪಾಲು ಅವರಿಗೆ ಐತ್ರಿ. ಹುಬ್ಬಳ್ಳಿಗೆ ಈಗ ತಿಳಸ್ತೇನಿ. ನೀವು ತೊಳದಿದ್ರ ಮಾತ್ರ ಕಷ್ಟ ಇತ್ತು” ಎಂದಳು.

ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಚನ್ನವೀರ ಅವರು ಗೋಡೆಯ ಕಡೆ ತಿರುಗಿ ನಿಂತರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಏನು ಮಾಡಬೇಕೆಂದು ತಿಳಿಯದೆ ಆ ನೋಟಗಾರ್ತಿಗೆ ಊಟ ಮಾಡಿ ಹೋಗು ಎಂದು ಗಂಟು ಬಿದ್ದೆ. ಅವಳು ರೊಟ್ಟಿ, ಎಣ್ಣೆಗಾಯಿ ಉಂಡೇ ಹೋದಳು. ಫಕೀರಪ್ಪನವರ ಕೈಗೆ ಆ ಸಂಜೆಯೇ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಶುರುವಾಯಿತು.

ಇವತ್ತು ನಮ್ಮ ಮನೆಯ ಓದುದಿನಕ್ಕೆ ಸಾಕ್ಷಿಕಿವಿಯಾಗಿ ಬಂದವರು ಫಕೀರಪ್ಪನವರೇ. ಬಾಗಿಲಲ್ಲಿ ನಿಂತು, ಅಂದಿನ ಬನ್ನಿಯನ್ನು ಒಣಗಿದ್ದರೂ ಜೋಪಾನವಾಗಿ ತಂದು ಅತ್ತೆಯ ಕೈಗೆ ಕೊಟ್ಟರು. “ಬಂಗಾರ ಕೊಡಾಕ ಬಂದ್ರ ಬಂಗಾರದಂಥಾ ಪೆಟ್ಟ ಕೊಟ್ರೆಲ್ರೀ ಈರವ್ವಾರ” ಎಂದು ನಕ್ಕರು. ಓದು ಈ ಸಲ ಮಂತ್ರವಾಗಲಿಲ್ಲ. ಪ್ರತಿ ಸಾಲಿಗೂ ಅವರು ಕೈ ಎತ್ತಿ, ಅಂದ್ರೇನು ಎಂದು ಕೇಳುತ್ತಿದ್ದರು. ನಮಗೆ ತಿಳಿಯದ ಕಡೆ ರುಬೀನಾಳನ್ನು ಕೇಳಿ ತಿಳಿದುಕೊಂಡೆವು. ಅತ್ತೆ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಬೆಳಗಿನ ರೊಟ್ಟಿಯ ಹೊತ್ತಿಗೆ ಶುರುವಾದದ್ದು ಮುಗಿದಾಗ ಮಧ್ಯಾಹ್ನದ ಊಟವೂ ತಣ್ಣಗಾಗಿತ್ತು.

ಹೊರಡುವಾಗ ಫಕೀರಪ್ಪನವರು ಅಂಗಳದಲ್ಲಿ ಕಾರಿನ ಮುಂದೆ ನಿಂತರು. ಅದರ ಬಾನೆಟ್ ಇನ್ನೂ ಮಡಚಿಯೇ ಇದೆ. ಸ್ವಂತ ಪಾಲು ಹೋಯಿತಲ್ಲ, ನಿಧಾನ ಮಾಡಿಸುತ್ತೇವೆ. ಅವರು ಬಲಗೈಯನ್ನು ಆ ತಗ್ಗಿನ ಮೇಲಿಟ್ಟು, ಮೊದಲು ಒಂದು ಬೆರಳು, ಆಮೇಲೆ ಎರಡು, ಆಮೇಲೆ ಎಲ್ಲವನ್ನೂ ಆಡಿಸಿ ತಬಲಾದ ಒಂದು ಸಣ್ಣ ಠೇಕಾ ನುಡಿಸಿದರು. ತಗಡಿನ ಸದ್ದು, ಇಂಪೇನೂ ಇರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆಮೇಲೆ ಕಾರಿನ ಹತ್ತಿರ ಹೋಗಿ, ಮುಂದಿನ ವರ್ಷ ನಿನಗೆ ಎಲ್ಲಿ ಹಚ್ಚಲಿ ಎಂದು ಕೇಳಿದರು. ಕಾರು ಸ್ವಲ್ಪ ಯೋಚಿಸಿ, ಹಿಂದಿನ ಡಿಕ್ಕಿಯ ಮೇಲೆ ಎಂದಿತು. ಹಣೆ ಬಿಟ್ಟು ಬೆನ್ನಿಗೆ ಯಾರಾದರೂ ಹಚ್ಚುತ್ತಾರೇನು ಎಂದು ಅತ್ತೆ ಅದರ ಜೊತೆಗೂ ವಾದಕ್ಕೆ ನಿಂತಿದ್ದಾರೆ, ನಾನು ಇದನ್ನು ಬರೆಯುವಾಗಲೂ ಕೇಳಿಸುತ್ತಿದೆ.

ಅಜ್ಜಿ, ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ಕೆಂಪು ಕಾರಿನ ಕಾಗದದಲ್ಲೂ ಇಂಥ ಎರಡು ಪಾಲು ಇರುತ್ತವಂತೆ, ಹೆಸರು ಬೇರೆ ಇರಬಹುದು. ನಿಮ್ಮ ಕಾಲದಲ್ಲಿ ಕೆಲವರು ಪರರ ಪಾಲನ್ನಷ್ಟೇ ಮಾಡಿಸಿ, ಸ್ವಂತ ಪಾಲೂ ಇದೆಯೆಂದು ತಿಳಿದು ನಿಶ್ಚಿಂತೆಯಿಂದ ಇರುತ್ತಿದ್ದರಂತೆ. ನಿಮ್ಮದರಲ್ಲಿ ಏನಿದೆ, ಏನಿಲ್ಲ, ಯಾವಾಗ ಯಾರಿಗೆ ತಿಳಿಸಬೇಕು ಎಂಬುದನ್ನು ಪೆಟ್ಟಾದ ಮೇಲೆ ನೋಡಬೇಡಿ. ಕಾರು ನಿಂತಿರುವಾಗ, ಹೊಟ್ಟೆ ತುಂಬಿರುವಾಗ, ಮನಸ್ಸು ತಣ್ಣಗಿರುವಾಗ ನೋಡಿ. ಏನಾದರೂ ಆದರೆ ಆದದ್ದನ್ನು ಆದ ಹಾಗೆ ಹೇಳಿ. ಹಬ್ಬದ ದಿನ ಹಾರ ಹಾಕಿ, ಕುಂಕುಮ ಇಡಿ, ಕಾಣುವ ಜಾಗ ಮಾತ್ರ ಬಿಟ್ಟು ಇಡಿ.

ಇನ್ನು ಅಂಚೆಯ ಸಾಲಿಗೆ ಹೋಗಬೇಕು. ಪಟದಲ್ಲಿ ನೀವು ನಗುತ್ತಲೇ ಇದ್ದೀರಿ, ಹಾಗೇ ಇರಿ. ಆ ಪೆಟ್ಟಿಗೆ ತೆರೆದು ಕಾಗದ ಓದುವ ದಿನ ಪಕ್ಕದ ಮನೆಯವರನ್ನೂ ಕರೆದು ಕೂರಿಸಿಕೊಳ್ಳಿ. ಅದರಲ್ಲಿ ಅರ್ಧ ಅವರದು.

ನಿಮ್ಮ,
ಮಧುಮತಿ